ಒತ್ತಿದರೆ ನೋಯದ ನೋವು

ಲೆಂಪಿ ಚಿಕ್ಕಮ್ಮನಿಗೆ ಮುಖಗಳು ಮರೆತುಹೋಗುತ್ತಿದ್ದವು, ಬೆನ್ನುಗಳು ಮಾತ್ರ ಮರೆಯುತ್ತಿರಲಿಲ್ಲ. ಚರ್ಚಿನಲ್ಲಿ ಕೊನೆಯ ಸಾಲಿನಲ್ಲೇ ಕೂರುವಳು. ಪಾದ್ರಿ ಅತ್ತ ಉಪದೇಶ ಮಾಡುತ್ತಿದ್ದರೆ ಇವಳು ಇತ್ತ ಹೆಗಲುಗಳನ್ನು ಓದುವಳು. ಯಾರ ಬಲಭುಜ ಇಳಿದಿದೆ, ಏಳುವಾಗ ಯಾರು ಮುಂದಿನ ಬೆಂಚು ಹಿಡಿದರು, ಎಲ್ಲ ನೋಡಿಟ್ಟುಕೊಂಡು, ಮುಂದಿನ ಶನಿವಾರ ತನ್ನ ಸೌನಾಗೆ, ಆ ಉಗಿಸ್ನಾನದ ಕೋಣೆಗೆ, ಯಾರ್ಯಾರು ಬಂದಾರೆಂದು ಅಲ್ಲೇ ಹೇಳಿಬಿಡುವಳು.

ಕುಳ್ಳಿ, ಅಗಲದ ಆಳು. ನಡೆದರೆ ಬಾತುಕೋಳಿಯ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ. ಮೈಮೇಲೆ ಸದಾ ಸತ್ತ ಗಂಡನ ಗಣಿ ಕೋಟು, ಅದಕ್ಕೆ ಬರ್ಚ್ ಎಲೆ, ಕರ್ಪೂರ, ಕಾಫಿ ಮೂರೂ ಬೆರೆತ ವಾಸನೆ. ಕಾಫಿ ಎಂದಾಗ ನೆನಪಾಯಿತು, ಅವಳು ಸಕ್ಕರೆ ಗಡ್ಡೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕಾಫಿಯನ್ನು ಬಸಿಗೆ ಸುರಿದು ಹೀರುವವಳು. ಆ ಗಡ್ಡೆ ಕರಗುವವರೆಗೂ ಬೈಗುಳವೆಲ್ಲ ಬುಸುಗುಟ್ಟಿಕೊಂಡೇ ಬರುತ್ತಿತ್ತು. ಇರಲಿ, ಬೆನ್ನಿನ ವಿಷಯ ಹೇಳುತ್ತಿದ್ದೆ.

ಸುಪೀರಿಯರ್ ಸರೋವರದ ಈ ದಂಡೆಯಲ್ಲಿ ನವೆಂಬರಿನಿಂದ ಏಪ್ರಿಲಿನವರೆಗೆ ಹಿಮ ಎತ್ತಿಹಾಕುವುದೇ ಬದುಕು. ವಾರವಿಡೀ ಸಲಿಕೆ ಹಿಡಿದ ಗಂಡಸರು ಶನಿವಾರ ನರಳುತ್ತಾ ಅವಳ ಬಾಗಿಲಿಗೆ ಬರುವರು. ಬಂದವರನ್ನು ನೇರ ಬಿಸಿಗೆ ಬಿಡುವವಳಲ್ಲ. ಮೊದಲು ಹೊರಕೋಣೆಯ ಬೆಂಚಿನಲ್ಲಿ ಮಲಗಿಸಿ ಒತ್ತಿ ನೋಡಬೇಕು. ಆಮೇಲೆ ಉಗಿ, ಬರ್ಚ್ ಮರದ ಸೊಪ್ಪಿನ ಕಟ್ಟಿನಿಂದ ಪೆಟ್ಟು, ಕೊನೆಗೆ ಎಣ್ಣೆ ಹಾಕಿ ನೀವುವುದು, ಜೊತೆಗೆ ಬೈಗುಳ.

"ಮೊಣಕಾಲು ಬಗ್ಗಿಸಿ ಎತ್ತೋ ಅಂದ್ರೆ ಸೊಂಟ ತಿರುಚ್ತೀಯ. ದೇವ್ರು ಮೊಣಕಾಲು ಕೊಟ್ಟಿದ್ದು ಪ್ಯಾಂಟು ತೂತು ಮಾಡ್ಕೊಳ್ಳೋಕಾ?"

ಹಿಮ ಕಿಟಕಿಗಳನ್ನೇ ನುಂಗಿದ ಆ ವರ್ಷ ನನ್ನ ಯಜಮಾನ ಓನ್ನಿ, ಸೂರಿನ ತೊಲೆ ಲಟಕ್ಕೆಂದಿತೆಂದು ಹೆದರಿ ಎರಡು ದಿನ ಹಿಮ ಕೆಡವುತ್ತಾ ಚಾವಣಿ ಬಿಟ್ಟು ಇಳಿಯಲಿಲ್ಲ. ಶನಿವಾರ ಎಡಭುಜ ಹಿಡಿದುಕೊಂಡಿದೆ ಎಂದ. ಕರೆದುಕೊಂಡು ಹೋದೆ.

"ಇಲ್ಲಿ ನೋವಾ?"

"ಇಲ್ಲ."

"ಇಲ್ಲಿ?"

"ಇಲ್ಲ ಚಿಕ್ಕಮ್ಮ, ಒಳಗೆಲ್ಲೋ ಇದೆ. ಬಿಸೀಲಿ ಕೂತ್ರೆ ಹೋಗತ್ತೆ ಬಿಡು."

ಕೈ ಎತ್ತಿಸಿದಳು, ಇಳಿಸಿದಳು. ನೋವು ಹೆಚ್ಚಲಿಲ್ಲ, ತಗ್ಗಲಿಲ್ಲ. ಅವನ ಬೆನ್ನು ತಣ್ಣಗೆ ಬೆವರಿತ್ತು. ಚಿಕ್ಕಮ್ಮ ಬಾಯಲ್ಲಿದ್ದ ಸಕ್ಕರೆ ಉಗುಳಿದಳು.

"ಸಲಿಕೆ ನೋವು ಒತ್ತಿದ್ರೆ ಕಿರುಚತ್ತೆ. ಇದು ಬಾಯೇ ಬಿಡ್ತಿಲ್ಲ. ಇದು ನನ್ನ ಕೈದಲ್ಲ, ಎದೇದು. ಸೈಮಾ, ಗಂಡನ್ನ ಕರ್ಕೊಂಡು ಆಸ್ಪತ್ರೆಗೆ ನಡಿ," ಎಂದಳು ನನಗೆ.

"ಇಷ್ಟು ದೂರ ಬಂದು ಮೀಯದೆ ಹೋಗ್ಬೇಕಾ?" ಎಂದು ಇವನು ಒಳಗೆ ನುಗ್ಗಲು ಎದ್ದ. ಚಿಕ್ಕಮ್ಮ ಅವನಿಗಿಂತ ಮುಂಚೆ ಒಳಹೊಕ್ಕು, ಬಕೆಟ್ಟಿನ ನೀರನ್ನು ಒಲೆಯ ಬೆಂಕಿಗೇ ಸುರಿದುಬಿಟ್ಟಳು! ಟವೆಲ್ಲು ಸುತ್ತಿ ಕಾದಿದ್ದ ಐವರು ಗಂಡಸರು ಕಣ್ಣುಬಾಯಿ ಬಿಟ್ಟರು.

"ಶನಿವಾರದ ಬೆಂಕಿ ಆರಿಸ್ಬಿಟ್ಯಲ್ಲೇ ಮಹಾತಾಯಿ!" ಎಂದ ಮರ ಕಡಿಯುವ ವಾಲ್ಫ್ರಿಡ್.

"ಬಟ್ಟೆ ಹಾಕ್ಕೊಳ್ರೋ. ಓಣಿ ಮುಚ್ಚಿದೆ, ಇವನ ಕಾರು ಹೊರಡ್ಬೇಕು. ಹಿಡೀರಿ ಸಲಿಕೆ!"

ನಾವು ಬಂದ ಮೇಲೆ ಹಿಮ ತಳ್ಳುವ ವಾಹನ ಓಣಿಯ ಬಾಯಿಗೆ ಎದೆಯೆತ್ತರ ಗೋಡೆ ಒಟ್ಟಿ ಹೋಗಿತ್ತು. ನೋವು ಇಳಿಸಿಕೊಳ್ಳಲು ಬಂದವರು ನೋಯುವ ಬೆನ್ನಿನಲ್ಲೇ ಮತ್ತೆ ಬಾಗಿದರು. "ಸೊಂಟ ನೆಟ್ಟಗಾಗ್ಲಿ ಅಂತ ಬಂದ್ರೆ ಮುರಿದೇ ಕಳಿಸ್ತಾಳೆ!" ಎಂದು ವಾಲ್ಫ್ರಿಡ್ ಶಪಿಸುತ್ತಿದ್ದ, ಆದರೆ ಕೈ ನಿಲ್ಲಿಸಲಿಲ್ಲ.

ಆಸ್ಪತ್ರೆಯಲ್ಲಿ ನೋಡಿದರೆ ಹೃದಯದ ನೋವೇ ಆಗಿತ್ತು. "ಬಿಸಿಯಲ್ಲಿ ಕೂತಿದ್ದರೆ?" ಎಂದು ಡಾಕ್ಟರನ್ನು ಕೇಳಿದೆ. ಆತ ನನಗೊಂದು ಕುರ್ಚಿ ಎಳೆದುಕೊಟ್ಟ.

ಮರುವಾರ ಚಿಕ್ಕಮ್ಮನಿಗೆ ಏಲಕ್ಕಿ ಬನ್ನು ಬೇಯಿಸಿ ಒಯ್ದೆ. ಬಾಗಿಲಲ್ಲೇ ಅಳು ಬಂತು.

"ಅಳ್ಬೇಡ ಕಣೇ. ನಿನ್ನ ಗಂಡ ಆಸ್ಪತ್ರೇಲಿ ಆರಾಮಾಗಿ ಮಲಗಿದ್ದಾನೆ, ಇಲ್ಲಿ ಐದು ಬೆನ್ನು ನೀವಿ ನೀವಿ ನನ್ನ ಕೈ ಬಿದ್ದುಹೋಗಿದೆ."

ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಒತ್ತಿದೆ. "ಹೂಂ, ಅಲ್ಲೇ," ಎಂದು ಕಣ್ಣು ಮುಚ್ಚಿದಳು. ಅವಳ ಕೈಯನ್ನು ಅದುವರೆಗೆ ಯಾರೂ ಒತ್ತಿರಲಿಲ್ಲವೇನೋ.

ಓನ್ನಿ ಮತ್ತೆ ಹತ್ತೊಂಬತ್ತು ವರ್ಷ ನನ್ನ ಜೊತೆ ಜಗಳವಾಡಿದ. ಕೈಗುಣ ಇರುವವರು ಊರಿಗೊಬ್ಬರು ಸಿಕ್ಕಾರು. ತನ್ನ ಗುಣ ಎಲ್ಲಿಗೆ ಮುಗಿಯುತ್ತದೆಂದು ಬಲ್ಲ ಕೈ ಪುಣ್ಯವಿದ್ದರೆ ಸಿಗುತ್ತದೆ. ಅಂಥವರು ನಿಮ್ಮನ್ನು ಬಾಗಿಲಿಂದ ಆಚೆ ತಳ್ಳಿದರೆ ಮುನಿಸಿಕೊಳ್ಳಬೇಡಿ. ಬೇಗ ಬೇಗ ಹೊರಡಿ.