ಪಚ್ಚೆಪುರದ ಮೊದಲ ಕೊಯ್ಲು

ಡಿಸೆಂಬರ್ ಇಪ್ಪತ್ತರ ಬೆಳಿಗ್ಗೆ ಕ್ಯಾರೊಲಿನ್ ಮಂಚದ ಕೆಳಗಿಂದ ಬಿಸ್ಕತ್ ಡಬ್ಬಿಯ ಮುಚ್ಚಳವೊಂದನ್ನು ಎಳೆದು, ಮೇಲೆ ಹೊದಿಸಿದ್ದ ಒದ್ದೆ ಬಟ್ಟೆ ಸರಿಸಿ ನೋಡಿದಳು. ಮಣ್ಣಿತ್ತು, ರಾಗಿಯಿತ್ತು, ಪೈರಿರಲಿಲ್ಲ. ಎರಡನೆಯ ಮುಚ್ಚಳ ಎಳೆದಳು. ಮೂರನೆಯದು ಎಳೆದಳು. ಹದಿನಾಲ್ಕು ಮುಚ್ಚಳ ಮುಗಿದರೂ ಒಂದೇ ಒಂದು ಮೊಳಕೆ ಕಾಣಲಿಲ್ಲ. ಬಿತ್ತಿ ಎಂಟು ದಿನವಾಗಿತ್ತು. ಇಷ್ಟು ಹೊತ್ತಿಗೆ ಬೆರಳುದ್ದ ಹಸಿರು ಎದ್ದು ನಿಂತಿರಬೇಕಿತ್ತು.

ಪೈರು ಬೇಕಾಗಿದ್ದದ್ದು ಪಚ್ಚೆಪುರಕ್ಕೆ. ಮಂಡಿ ಮೊಹಲ್ಲಾದ ಆ ಬೀದಿಯವರಿಗೆ ಪಚ್ಚೆಪುರ ಎಂದರೆ ಯಾವುದೆಂದು ಹೇಳಬೇಕಾಗಿಲ್ಲ, ನಿಮಗೆ ಹೇಳುತ್ತೇನೆ. ಕ್ಯಾರೊಲಿನ್‌ಳ ತಂದೆ ಅಮಲರಾಜ್ ಬೀಟೆ ಮರದಲ್ಲಿ ಬಣ್ಣಬಣ್ಣದ ಚೂರು ಕೂರಿಸಿ ಚಿತ್ರ ಮಾಡುವ ಇನ್ಲೇ ಕೆಲಸ ಮಾಡುತ್ತಿದ್ದವರು. ಕ್ರಿಸ್‌ಮಸ್ಸಿಗೆ ಎಲ್ಲ ಕ್ರೈಸ್ತರ ಮನೆಯಲ್ಲೂ ಗೋದಲಿ ಕಟ್ಟುತ್ತಾರೆ, ದನದ ಕೊಟ್ಟಿಗೆಯಲ್ಲಿ ಮರಿಯಮ್ಮ, ಜೋಸೆಫ್, ನಡುವೆ ಬಾಲಯೇಸು, ಸುತ್ತ ಒಂದಿಷ್ಟು ರಾಗಿ ಪೈರು. ಅಮಲರಾಜ್‌ಗೆ ಅಷ್ಟು ಸಾಲದು. ಕೊಟ್ಟಿಗೆ ಅಂದಮೇಲೆ ಅದಕ್ಕೊಂದು ಊರು ಬೇಡವೇ ಎಂದು ಮೂವತ್ತೊಂದು ವರ್ಷದ ಹಿಂದೆ ಮರದ ಚೂರುಗಳಲ್ಲಿ ಒಂದು ಊರನ್ನೇ ಕೆತ್ತಲು ಶುರುಮಾಡಿದರು. ವರ್ಷಕ್ಕೊಂದು ಮನೆ, ವರ್ಷಕ್ಕೊಬ್ಬ ಹೊಸ ಒಕ್ಕಲು. ಈಗ ಅದು ಮುಂದಿನ ಕೋಣೆಯ ಮುಕ್ಕಾಲು ಭಾಗ ಹಿಡಿಯುತ್ತದೆ.

ಅಂಥಿಂಥ ಊರಲ್ಲ ಅದು. ಅಲ್ಲಿನ ಮೂಗಯ್ಯ ನೊಗದ ಒಂದು ಕಡೆ ಎತ್ತು, ಇನ್ನೊಂದು ಕಡೆ ಆನೆ ಕಟ್ಟಿ ಉಳುತ್ತಾನೆ. ಆನೆ ಹೆಜ್ಜೆ ದೊಡ್ಡದು, ಹಾಗಾಗಿ ನೇಗಿಲು ಸುತ್ತು ಹೊಡೆಯುತ್ತದೆ, ಹಾಗಾಗಿ ಪಚ್ಚೆಪುರದ ಹೊಲಗಳೆಲ್ಲ ದುಂಡಗೆ. ಸಂತೆ ಬಾಗಿಲಲ್ಲಿ ಪುಟ್ಟಮಾದಮ್ಮ ಮಳೆಯನ್ನು ಪಾವಿನಲ್ಲಿ ಅಳೆದು ಮಾರುತ್ತಾಳೆ. ತುಂತುರು ಬೇಕಾದವರಿಗೆ ತುಂತುರು, ಜಡಿಮಳೆ ಬೇಕಾದವರಿಗೆ ಜಡಿಮಳೆ, ಕೊಸರು ಕೇಳಿದವರಿಗೆ ಒಂದು ಗುಡುಗು. ಶಾಲೆಯಲ್ಲಿ ಪಂಕಜಾ ಟೀಚರ್ ಬದನೆ ಸಸಿಗಳನ್ನು ಬೆಂಚಿನ ಮೇಲೆ ಕೂರಿಸಿ ಅ ಆ ಇ ಈ ಹೇಳಿಕೊಡುತ್ತಾರೆ. ಪುರಸಭೆ ಅಧ್ಯಕ್ಷನಾಗಿರುವುದು ಒಂದು ಬೆದರುಬೊಂಬೆ, ಗೆಲ್ಲಿಸಿದ್ದು ಗುಬ್ಬಿಗಳು. ರೈಲ್ವೆ ಸ್ಟೇಷನ್ನಿಗೆ ಬರುವ ರೈಲಿನಲ್ಲಿ ಜನ ಬರುವುದಿಲ್ಲ, ಬರೀ ಬೀಜ ಬರುತ್ತದೆ. ಕ್ರಿಸ್‌ಮಸ್ಸಿಗೆ ಮಾತ್ರ ಎಲ್ಲರೂ ಕೆಲಸ ಬಿಟ್ಟು ಬಂದು ಕೊಟ್ಟಿಗೆಯ ಮುಂದೆ ಸಾಲಾಗಿ ನಿಲ್ಲುತ್ತಾರೆ. ಇದನ್ನೆಲ್ಲ ಅಮಲರಾಜ್ ಎಷ್ಟು ಗಂಭೀರವಾಗಿ ಹೇಳುತ್ತಿದ್ದರೆಂದರೆ, ಬೀದಿಯ ಅರ್ಧ ಮಕ್ಕಳು ಆ ಸ್ಟೇಷನ್ ನಂಜನಗೂಡು ಲೈನಿನಲ್ಲಿದೆ ಎಂದೇ ನಂಬಿಕೊಂಡು ದೊಡ್ಡವರಾದರು.

ಈ ವರ್ಷ ಅವರ ಕೈ ನಡುಗಲು ಶುರುವಾಯಿತು. ಉಳಿ ಹಿಡಿಯಲಾಗಲಿಲ್ಲ. ನವೆಂಬರಿನಲ್ಲೇ ಚರ್ಚಿನ ಯುವಕರ ಸಂಘದ ಪ್ರಿನ್ಸ್ ಬಂದು, "ಅಂಕಲ್, ಚರ್ಚ್ ಹಾಲ್‌ನಲ್ಲಿ ಗಾಜಿನ ಬೀರು ಮಾಡಿಸ್ತೀವಿ, ಊರನ್ನ ಅದ್ರೊಳಗೆ ಇಟ್ಬುಡೋಣ, ಧೂಳೂ ಬರಲ್ಲ" ಎಂದಿದ್ದ. ಅಮಲರಾಜ್ ಒಪ್ಪಿಯೇಬಿಡುತ್ತಿದ್ದರು. ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಆಗಷ್ಟೇ ಮನೆಗೆ ಬಂದಿದ್ದ ಕ್ಯಾರೊಲಿನ್, ಬ್ಯಾಗ್ ಕೂಡ ಇಳಿಸದೆ, "ಈ ಸಲ ನಾನು ಕಟ್ತೀನಿ ಪಪ್ಪ" ಎಂದಳು. ತಂದೆ ಉಳಿಯನ್ನು ಅವಳ ಕಡೆ ಸರಿಸಿದರು.

"ಕಟ್ಟು. ಇಪ್ಪತ್ನಾಲ್ಕರ ಸಂಜೆ ಪರದೆ ತೆಗೆದಾಗ ನೋಡ್ತೀನಿ. ನೋಡಿದ ತಕ್ಷಣ ಊರು ಅನ್ನಿಸ್ಬೇಕು. ಅನ್ನಿಸದೆ ಇದ್ರೆ ಪ್ರಿನ್ಸ್ ತಗೊಂಡೋಗ್ಲಿ."

ಅಂದಿನಿಂದ ಊರಿನ ಮುಂದೆ ಹಳೇ ಬೆಡ್‌ಶೀಟಿನ ಪರದೆ ಬಿದ್ದಿತ್ತು. ಅಮಲರಾಜ್ ಒಮ್ಮೆಯೂ ಇಣುಕಲಿಲ್ಲ, ಮಾತು ಕೊಟ್ಟರೆ ಕೊಟ್ಟಂತೆ. ಆದರೆ ದಿನಕ್ಕೆರಡು ಸಲ ಕೇಳುತ್ತಿದ್ದರು, "ಪೈರು ಎಷ್ಟುದ್ದ ಬಂತು?" ಮಂಚದ ಕೆಳಗೆ ಕತ್ತಲಲ್ಲಿ ಇದ್ದದ್ದನ್ನು ಎತ್ತಿ ನೋಡದೆಯೇ ಇವಳು "ಬರ್ತಾ ಇದೆ ಪಪ್ಪ" ಎನ್ನುತ್ತಿದ್ದಳು. ಮುಟ್ಟಿದರೆ ಮೊಳಕೆ ಮುರಿಯುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿಕೊಂಡಿದ್ದಳು, ಪಾಪ.

ಈಗ ಅವಳು ಒಂದು ಮುಚ್ಚಳ ಎತ್ತಿಕೊಂಡು ಅಡುಗೆಮನೆಗೆ ಓಡಿದಳು. ತಾಯಿ ಪೌಲಿನ್ ನಾಲ್ಕು ಕಾಳು ತೆಗೆದು ಬಾಯಿಗೆ ಹಾಕಿಕೊಂಡರು.

"ಯಾವ ಡಬ್ಬಿಯಿಂದ ತಗೊಂಡೆ?"

"ಮೇಲಿನ ಗೂಡಿಂದ."

"ಅಯ್ಯೋ, ಅದು ನಿಮ್ಮಪ್ಪನ ಅಂಬಲಿಗೆ ಅಂತ ಮೊಳಕೆ ಕಟ್ಟಿ, ಒಣಗಿಸಿ, ಹುರಿದಿಟ್ಟಿದ್ದು ಕಣೇ. ಮಿಲ್ಲಿಗೆ ಹೋಗ್ಬೇಕಿತ್ತು."

ಒಮ್ಮೆ ಮೊಳೆತು, ನೆರಳಲ್ಲಿ ಒಣಗಿ, ಬಾಣಲೆಯಲ್ಲಿ ಘಮಘಮ ಹುರಿದುಕೊಂಡ ರಾಗಿಗೆ ಇನ್ನೊಮ್ಮೆ ಮೊಳೆ ಎಂದರೆ ಅದಾದರೂ ಏನು ಮಾಡೀತು? ಹಸಿ ರಾಗಿ ತಂದು ಆವತ್ತೇ ಬಿತ್ತಿದರೂ ನಾಲ್ಕು ದಿನಕ್ಕೆ ಬಿಳೀ ಎಳೆ ಇಣುಕಬಹುದು, ಅಷ್ಟೇ. ಕ್ಯಾರೊಲಿನ್‌ಗೆ ಅಳು ಬಂತು. ಮೂವತ್ತು ದಾಟಿದ ಹೆಂಗಸು, ದಿನವೂ ಹತ್ತಾರು ಜನರಿಗೆ ದೃಷ್ಟಿ ಸರಿಯಿದೆಯೇ ಎಂದು ಕೇಳುವವಳು, ಹುರಿದ ರಾಗಿಗೂ ಹಸಿ ರಾಗಿಗೂ ವ್ಯತ್ಯಾಸ ಕಾಣದೆ ಹೋದೆನಲ್ಲ ಎಂದು ತನ್ನ ಮೇಲೇ ಸಿಟ್ಟೂ ಬಂತು.

ಅದೇ ಹೊತ್ತಿಗೆ ಸರಿಯಾಗಿ ಮೊಸರಿನ ಪಾತ್ರೆ ವಾಪಸು ಕೊಡಲು ಪಕ್ಕದ ಮನೆಯ ನೀಲಮ್ಮ ಬಂದರು. ಗೋಣಿಚೀಲದ ಸಗಟು ವ್ಯಾಪಾರಿ ಸದಾಶಿವಯ್ಯನವರ ಹೆಂಡತಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಹುಟ್ಟಿ ಬೆಳೆದದ್ದು ರಾಗಿ ಹೊಲದ ಬದುವಿನಲ್ಲಿ. ವಿಷಯ ತಿಳಿದವರೇ ಪರದೆ ಸರಿಸಿ, ಸೊಂಟದ ಮೇಲೆ ಕೈಯಿಟ್ಟು, ಬೋಳು ಹೊಲಗಳ ಪಚ್ಚೆಪುರವನ್ನು ನೋಡಿದರು.

"ಒಂದ್ ಮಾತ್ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ ಕಣಮ್ಮ. ನಾನು ಮದ್ವೆಯಾಗಿ ಈ ಬೀದಿಗೆ ಬಂದಾಗ್ಲಿಂದ ನಿಮ್ಮೂರು ನೋಡ್ತಿದೀನಿ. ಒಂದ್ ವರ್ಷನಾದ್ರೂ ಕೊಯ್ಲು ಮಾಡಿದ್ದುಂಟಾ? ಯಾವಾಗ್ಲೂ ಪೈರು, ಪೈರು, ಪೈರು. ಆ ಜನ ಊಟಕ್ಕೇನ್ ಮಾಡ್ತಾರೆ?"

ಕ್ಯಾರೊಲಿನ್ ಕಣ್ಣೊರೆಸಿಕೊಂಡು ನೋಡಿದಳು.

"ಡಿಸೆಂಬರ್‌ನಲ್ಲಿ ಯಾವ ಊರಲ್ಲಿ ರಾಗಿ ಹಸಿರಾಗಿರ್ತದೆ ಹೇಳು? ಕೊಯ್ದು, ಮೆದೆ ಒಟ್ಟಿ, ಕಣ ಮಾಡೋ ಕಾಲ ಇದು. ಇನ್ನೊಂದು ಏನಂದ್ರೆ," ನೀಲಮ್ಮ ಕೊಟ್ಟಿಗೆಯ ಕಡೆ ಬೆರಳು ತೋರಿಸಿದರು, "ಅಲ್ಲಿ ಹೆರಿಗೆಯಾಗಿದೆ. ಊರಿಗೂರೇ ಬಂದು ಮುಂದೆ ನಿಂತ್ಕೊಂಡಿದೆ, ಒಬ್ಬರ ಕೈಯಲ್ಲೂ ಏನೂ ಇಲ್ಲ. ಬಾಣಂತಿ ನೋಡೋಕೆ ಯಾರಾದ್ರೂ ಬರಿಗೈಲಿ ಹೋಗ್ತಾರೇನಮ್ಮ?"

ಕ್ಯಾರೊಲಿನ್ ಆ ಮರದ ಮುಖಗಳನ್ನು ಚಿಕ್ಕಂದಿನಿಂದ ನೋಡಿದ್ದಳು. ಇಷ್ಟು ವರ್ಷವೂ ಮೂಗಯ್ಯ, ಪುಟ್ಟಮಾದಮ್ಮ, ಪಂಕಜಾ ಟೀಚರ್ ಎಲ್ಲರೂ ಕೈ ಜೋಡಿಸಿ ನಿಂತಿದ್ದರು, ಬೆಳೆ ಬರಲಿ ಎಂದು ಕಾಯುತ್ತಿರುವವರ ಹಾಗೆ.

"ಆಂಟಿ, ಕಣ ಮಾಡೋದು ಹೇಗೆ?"

ಆಮೇಲಿನ ನಾಲ್ಕು ದಿನ ಆ ಮನೆಯಲ್ಲಿ ಯಾರೂ ಸರಿಯಾಗಿ ಕೂತು ಉಣ್ಣಲಿಲ್ಲ. ಕ್ಯಾರೊಲಿನ್ ಅಂಗಡಿಗೆ ರಜೆ ಹಾಕಿದಳು. ಹಿಂದಿನ ಬೀದಿಯಲ್ಲಿ ಎರಡು ಹಸು ಕಟ್ಟಿಕೊಂಡಿದ್ದ ಹಾಲಿನ ಶಿವಲಿಂಗಯ್ಯ ಒಂದು ಹೊರೆ ರಾಗಿಹುಲ್ಲು, ಒಂದು ಉಂಡೆ ಸಗಣಿ ಕೊಟ್ಟ. ಯಾಕೆಂದು ಕೇಳಿ ತಿಳಿದ ಮೇಲೆ ಇನ್ನೊಂದು ಉಂಡೆ ಸಗಣಿ ತಾನೇ ತಂದ. ಹುಲ್ಲನ್ನು ಬೆರಳುದ್ದ ಕತ್ತರಿಸಿ ದುಂಡು ಹೊಲಗಳ ತುಂಬ ಕೊಯ್ದ ಮೇಲೆ ಉಳಿಯುವ ಕೂಳೆಯಂತೆ ನೆಟ್ಟರು. ಮೊಣಕೈ ಎತ್ತರದ ಮೆದೆ ಒಟ್ಟಿದರು. ನೀಲಮ್ಮ ತಟ್ಟೆಯಗಲದ ಕಣ ಮಾಡಿ, ಸಗಣಿ ಸಾರಿಸಿ, ನಡುವೆ ಮೇಟಿ ಕಂಬ ನಿಲ್ಲಿಸಿ, ಅದಕ್ಕೆ ಮೂಗಯ್ಯನ ಎತ್ತನ್ನೂ ಆನೆಯನ್ನೂ ಕಟ್ಟಿಸಿದರು. ಕಣದಲ್ಲಿ ಆನೆ ರಾಗಿ ತುಳಿಯುವುದನ್ನು ನೋಡಿ ತಾವೇ ನಕ್ಕು ನಕ್ಕು ಸುಸ್ತಾದರು. ಪೌಲಿನ್ ಮೇಲಿನ ಗೂಡಿನ ಡಬ್ಬಿಯನ್ನೇ ತಂದು ಬಗ್ಗಿಸಿದರು. ಕೆಂಪಗೆ ರಾಶಿ ಬಿತ್ತು. ಪರದೆಯ ಆಚೆ ಅಮಲರಾಜ್, "ಏನೋ ಹುರಿದ ವಾಸನೆ ಬರ್ತಿದೆಯಲ್ಲ" ಎಂದರು. ಒಳಗೆ ಮೂವರೂ ಬಾಯಿ ಮುಚ್ಚಿಕೊಂಡು ಕೂತರು.

ಹೊಸ ಒಕ್ಕಲನ್ನು ಮಾತ್ರ ಕ್ಯಾರೊಲಿನ್ ಒಬ್ಬಳೇ ಕೆತ್ತಿದಳು. ಎರಡು ಸಲ ಬೆರಳು ಕುಯ್ದುಕೊಂಡಳು. ಮೊರ ಎತ್ತಿ ರಾಗಿ ತೂರುವ ಹೆಂಗಸು. ಗಾಳಿಯನ್ನು ಕರುವಿನ ಹಾಗೆ ಸಾಕಿಕೊಂಡವಳು, ಬೇಕೆಂದಾಗ ಹಗ್ಗ ಬಿಚ್ಚುತ್ತಾಳೆ. ಆಮೇಲೆ ಒಬ್ಬೊಬ್ಬರ ಜೋಡಿಸಿದ ಕೈಯ ನಡುವೆಯೂ ಸೂಜಿಯಿಂದ ಜಾಗ ಮಾಡಿ, ಅಂಟು ಹಚ್ಚಿ ಮೂರು ಮೂರು ಕಾಳು ರಾಗಿ ಇಟ್ಟಳು. ಬೆದರುಬೊಂಬೆ ಅಧ್ಯಕ್ಷರಿಗೆ ಹುದ್ದೆಗೆ ತಕ್ಕಂತೆ ಐದು ಕಾಳು.

ಇಪ್ಪತ್ನಾಲ್ಕರ ಸಂಜೆ ಆರಕ್ಕೆ ಮುಂದಿನ ಕೋಣೆ ತುಂಬಿ, ಬಾಗಿಲು ತುಂಬಿ, ಜಗುಲಿ ತುಂಬಿ, ಜನ ರಸ್ತೆಗೆ ಇಳಿದಿದ್ದರು. ಪ್ರಿನ್ಸ್ ಅಳತೆ ಟೇಪು ಹಿಡಿದೇ ಬಂದಿದ್ದ. ಅಮಲರಾಜ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಮುಂದಿನ ಕುರ್ಚಿಯಲ್ಲಿ ಕೂತರು. ಕ್ಯಾರೊಲಿನ್ ಮುಂದೆ ಬಂದಳು. ಪರದೆ ಎಳೆದಳು.

ಹಸಿರು ಕಾಣಬೇಕಾದಲ್ಲಿ ಹೊನ್ನಿನ ಬಣ್ಣದ ಕೂಳೆ, ಮೆದೆ, ಕಣ, ಕಣದಲ್ಲಿ ಕೆಂಪು ರಾಶಿ. ಪ್ರಿನ್ಸ್ ಮೆಲ್ಲಗೆ, "ಪೈರು ಬಂದಿಲ್ಲ ಅಂತ ಕಾಣ್ತದೆ" ಎಂದ. ಯಾರೋ ಚಿಕ್ಕವರು, "ಆನೆ ರಾಗಿ ತುಳೀತಿದೆ" ಎಂದು ಕೂಗಿದ್ದೇ ತಡ, ಮಕ್ಕಳೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಗಾಳಿ ಸಾಕಿದ ಹೆಂಗಸಿನ ಹೆಸರೇನು, ಮೆದೆಯಲ್ಲಿ ಹಾವಿದೆಯಾ, ಅಧ್ಯಕ್ಷರಿಗೆ ಮಾತ್ರ ಯಾಕೆ ಜಾಸ್ತಿ, ಗುಬ್ಬಿಗಳಿಗೆ ಪಾಲು ಇಲ್ಲವಾ. ಹೊರಗಿದ್ದವರು ಒಳಗೆ ನುಗ್ಗಿದರು, ಒಳಗಿದ್ದವರು ಹೊರಗೆ ಹೋಗಲೊಲ್ಲರು.

ಕ್ಯಾರೊಲಿನ್ ತಂದೆಯನ್ನಷ್ಟೇ ನೋಡುತ್ತಿದ್ದಳು. ಅವರು ಎದ್ದು ಬಂದು, ಕಷ್ಟಪಟ್ಟು ಮಂಡಿಯೂರಿ ಕೂತರು. ಕನ್ನಡಕ ಸರಿಮಾಡಿಕೊಂಡು ಮೊದಲು ಕಣ ನೋಡಿದರು. ಆಮೇಲೆ ಕೊಟ್ಟಿಗೆಯ ಮುಂದೆ ನಿಂತ ಸಾಲನ್ನು ನೋಡಿದರು. ಮೂಗಯ್ಯನ ಕೈ ನೋಡಿದರು, ಪುಟ್ಟಮಾದಮ್ಮನ ಕೈ ನೋಡಿದರು, ಒಬ್ಬೊಬ್ಬರದಾಗಿ ಸಾಲಿನ ಕೊನೆಯವರೆಗೂ ಹೋದರು.

"ಇಷ್ಟು ವರ್ಷ ಇವ್ರಿಗೆ ನಾನು ಒಂದು ಹಿಡಿ ಕಾಳೂ ಕೊಟ್ಟಿರ್ಲಿಲ್ಲ, ಅಲ್ವಾ?"

"ಬಿತ್ತಿದ್ದು ನೀವೇ ಅಲ್ವಾ ಪಪ್ಪ" ಎಂದಳು ಕ್ಯಾರೊಲಿನ್.

ಅಮಲರಾಜ್ ಪ್ರಿನ್ಸ್‌ನ ಕಡೆ ತಿರುಗಿ, ಟೇಪು ಸುತ್ತಿಡು ಎಂದು ಕೈ ಸನ್ನೆ ಮಾಡಿದರು. ಆಮೇಲೆ ಮಗಳ ಕೈ ಹಿಡಿದು ಮೇಲೆದ್ದು, ಹೊಲದ ಯಜಮಾನಿಯ ಮುಂದೆ ಕೂಲಿಯಾಳು ನಿಲ್ಲುವಂತೆ ಅವಳ ಮುಂದೆ ನಿಂತು ಕೇಳಿದರು:

"ಮುಂದಿನ್ ವರ್ಷ ಬಿತ್ತನೆ ಯಾವತ್ತಮ್ಮ? ನನಗೂ ಏನಾದ್ರೂ ಕೆಲ್ಸ ಇರ್ತದಾ?"