ಮೂರೂವರೆ ತಾಸಿನ ಹೆಣ್ಣುಮಗಳು

ನನ್ನ ಕಂಪ್ಯೂಟರಿನೊಳಗೆ ಒಬ್ಬ ಹೆಣ್ಣುಮಗಳಿದ್ದಾಳೆ. ಅರವತ್ತು ಕಿಲೋ ತೂಕ. ಹೇಳಿದಷ್ಟು ನೀರು ಕುಡಿಯುತ್ತಾಳೆ, ಮೂರೂವರೆ ತಾಸಿಗೊಮ್ಮೆ ತಪ್ಪದೆ ಮೂತ್ರಕ್ಕೆ ಹೋಗುತ್ತಾಳೆ. ಇಷ್ಟು ಮಾತು ಕೇಳುವ ಹೆಣ್ಣುಮಗಳನ್ನು ನಾನು ಬೆಳಗಾವಿಯಲ್ಲಿ ಇನ್ನೂ ಕಂಡಿಲ್ಲ.

ಆಸ್ಪತ್ರೆಯಲ್ಲಿ ನನ್ನದು ಲೆಕ್ಕದ ಕೆಲಸ. ಸ್ಕ್ಯಾನಿಗಾಗಿ ಚುಚ್ಚುವ ಔಷಧಿಯಲ್ಲಿ ಒಂದಿಷ್ಟು ವಿಕಿರಣ ಇರುತ್ತದೆ. ಅದು ಯಾವ ಅಂಗಕ್ಕೆ ಎಷ್ಟು ತಾಗಿತು ಎಂದು ಸಾಫ್ಟ್‌ವೇರಿನಲ್ಲಿ ಅಂದಾಜು ಮಾಡಿ ಬರೆಯಬೇಕು. ರೋಗಿಯ ಒಳಗೆ ಕೈಹಾಕಿ ಅಳೆಯಲು ಬರುವುದಿಲ್ಲವಲ್ಲ. ಅದಕ್ಕೇ ಎಲ್ಲ ಹೆಂಗಸರ ಪರವಾಗಿ ಈ ಶಿಸ್ತಿನ ಹೆಣ್ಣುಮಗಳು ಉತ್ತರ ಕೊಡುತ್ತಾಳೆ.

ಆ ಮಂಗಳವಾರ ಖಾನಾಪುರದ ನಿಂಗವ್ವ ಬಂದಿದ್ದರು. ವಯಸ್ಸು ಎಪ್ಪತ್ನಾಲ್ಕು, ತೂಕ ನಲವತ್ತೊಂದು. ಟೊಂಕ ನೋವು, ಎಲುಬಿನ ಸ್ಕ್ಯಾನ್ ಆಗಬೇಕಿತ್ತು. ಹತ್ತು ಗಂಟೆಗೆ ಇಂಜೆಕ್ಷನ್ ಕೊಟ್ಟು, ಕೈಗೊಂದು ನೀರಿನ ಬಾಟಲಿಯನ್ನೂ ಕೊಟ್ಟು, ಕುಡಿದು ಮೂತ್ರಕ್ಕೆ ಹೋಗಿ ಒಂದು ಗಂಟೆಗೆ ಬನ್ನಿ ಎಂದು ತಂತ್ರಜ್ಞ ಅಭಿಜಿತ ಕೂಡಿಸಿದ್ದ.

ಅಷ್ಟರಲ್ಲಿ ಅವರ ಸೊಸೆ ಕಾಂತಾ ನನ್ನ ಕೋಣೆಗೆ ಬಂದಳು. ಕೈಯಲ್ಲಿ ಮೊಬೈಲು, ಹಿಂದೆ ಅತ್ತೆ.

"ಬಾಯಾರ, ಗುರುವಾರ ನಮ್ಮನ್ಯಾಗ ಕೂಸಿನ ತೊಟ್ಲ ಕಾರ್ಯ ಐತ್ರಿ. ಮಗಳು ಸಾಕ್ಷಿ ಬಾಣಂತಿ. ಇಂಥಾ ಸೂಜಿ ಮಾಡಿಸಿದವರನ್ನ ಕೂಸಿನ ಹತ್ರ ಬಿಡಬಾರದಂತ ಮೊಬೈಲ್‌ನ್ಯಾಗ ಬಂದೈತಿ. ಅತ್ತೀನ ಹದಿನೈದ ದಿನ ಶಹಾಪುರದಾಗ ಅವರ ತಂಗಿ ಮನ್ಯಾಗ ಇಡೂಣು ಅಂತ ಮಾಡೇವ್ರಿ."

"ಗುರುವಾರಕ್ಕ ಅದರದು ಏನೂ ಉಳಿದಿರಂಗಿಲ್ರಿ" ಎಂದೆ.

"ಹಂಗಂದ್ರ ಬರದು ಕೊಡ್ರಿ. ಎಲ್ಲೆಲ್ಲಿ ಎಷ್ಟೆಷ್ಟು ಬಿದ್ದೈತಿ, ಅದನ್ನೂ ಬರೀರಿ. ಅಂಕಿ ನೋಡಿ ವಿಚಾರ ಮಾಡತೇನಿ."

ಆ ಕೂಸು ನಿಂಗವ್ವನ ಮೊದಲ ಮರಿಮೊಮ್ಮಗ. ಆ ಮನೆಯಲ್ಲಿ ಎಲ್ಲ ಕೂಸುಗಳನ್ನೂ ತೊಟ್ಟಿಲಿಗೆ ಹಾಕಿದ ಕೈ ಅವರದು. ಆ ಕೈಯನ್ನು ಅವರು ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದರು.

ಒಂದೂವರೆಗೆ ಚಿತ್ರ ಬಂತು. ಎಲುಬೆಲ್ಲ ಮಸುಕಾಗಿ ಕಾಣುತ್ತಿತ್ತು, ಮೂತ್ರಕೋಶ ಮಾತ್ರ ಕುಂಬಳಕಾಯಿಯಷ್ಟು ಬೆಳ್ಳಗೆ ಹೊಳೆಯುತ್ತ ಟೊಂಕವನ್ನು ಮುಚ್ಚಿಬಿಟ್ಟಿತ್ತು. ನಾನು ಅಭಿಜಿತನ ಮೇಲೆ ರೇಗಿದೆ.

"ಕೇಳೇನ್ರಿ ಪೂರ್ಣಿಮಾ ಮೇಡಂ" ಎಂದ. "ಹೋಗಿ ಬಂದ್ರಿ ಏನು ಅಂದ್ರ ಹೂಂ ಅಂದ್ರು."

ಅವನನ್ನೂ ಕಾಂತಾಳನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದೆ.

"ಅಜ್ಜಿ, ಖರೇ ಹೇಳ್ರಿ. ಹೋಗಿದ್ರಿ?"

"ಆ ಹುಡುಗ ಗಂಡಸು. ಅವನ ಮುಂದ ಹೂಂ ಅನ್ನದ ಮತ್ತೇನ ಅನ್ನಲಿ?" ಎಂದರು ನಿಂಗವ್ವ. "ಮುಂಜಾನಿ ಐದಕ್ಕ ಮನ್ಯಾಗ ಹೋಗೇನಿ, ಇನ್ನ ಮನ್ಯಾಗ ಹೋಗಾಕಿ. ಐವತ್ತ ವರ್ಷಾತು ಬೆಳಗಾವಿಗೆ ಬರಾಕ ಹತ್ತಿ. ಶಹಾಪುರದ ತಂಗಿ ಮನಿ ಬಿಟ್ರ ಈ ಊರಾಗ ಎಲ್ಲೂ ಹೋಗಿಲ್ಲ."

"ಮತ್ತ ನೀರು?"

"ಹೊರಗ ಕುಂಡದಾಗ ಒಂದು ಗಿಡ ಐತೆಲ್ಲ, ಅದಕ್ಕ ಹಾಕ್ನಿ. ಪಾಪ, ಯಾರೂ ಹಾಕಿದ್ದಿಲ್ಲ."

ಆ ಗಿಡ ಪ್ಲಾಸ್ಟಿಕ್ಕಿನದು.

ನನಗೆ ಸಿಟ್ಟು ಬಂತು, ಹಿಂದೆಯೇ ನಾಚಿಕೆಯೂ ಬಂತು. ಖಾನಾಪುರದ ಬಸ್ಸು ಹತ್ತುವ ದಿನ ನಾನೂ ಬೆಳಗಿನಿಂದ ಗುಟುಕು ನೀರು ಕುಡಿಯುವುದಿಲ್ಲ. ಟಿಳಕವಾಡಿಯ ನನ್ನ ಮನೆಯಿಂದ ಹೊರಡುವಾಗಲೇ ಬಾಯಿ ಒಣಗಿಸಿಕೊಂಡಿರುತ್ತೇನೆ. ಅಂಥ ನಾನು ದಿನವೂ ಆ ಮೂರೂವರೆ ತಾಸಿನ ಲೆಕ್ಕಕ್ಕೆ ಕಣ್ಣುಮುಚ್ಚಿ ಸಹಿ ಹಾಕುತ್ತಿದ್ದೆ.

ನಿಂಗವ್ವನನ್ನು ಪರದೆಯ ಮುಂದೆ ಕೂಡಿಸಿದೆ. "ಇದು ನಿಮ್ಮ ಲೆಕ್ಕ. ಮೂರೂವರೆ ತಾಸಿಗೊಮ್ಮೆ ಹೋಗ್ತೀರಿ ಅಂತ ತಿಳ್ಕೊಂಡ್ರ ಮೂತ್ರಕೋಶಕ್ಕ ಬೀಳೂ ವಿಕಿರಣ ಮೂವತ್ತೈದು ಮಿಲಿಗ್ರೇ. ಸಂಜಿ ಮಟಾ ಹಿಡ್ಕೊಂಡು ಮನಿಗೆ ಹೋದ್ರ..." ಎಂದು ಮೂರೂವರೆ ಅಳಿಸಿ ಎಂಟು ತಾಸು ಒತ್ತಿದೆ. ಅಂಕಿ ಐವತ್ತೆಂಟಕ್ಕೆ ಹಾರಿತು.

"ಅಯ್ಯ ಶಿವನ" ಎಂದರು. "ಇದನ್ನ ಕಾಂತಾಗ ತೋರಸ್ತೀರೇನು?"

"ಇದ್ದದ್ದು ಬರೀಬೇಕ್ರಿ. ಆದ್ರ ಇದೂ ಅಂಜೂವಂಥಾದ್ದಲ್ಲ. ಕೂಸಿಗೂ ಇದಕ್ಕೂ ಸಂಬಂಧನ ಇಲ್ಲ."

"ಅದು ನಿಮಗ ಗೊತ್ತು, ನನಗ ಗೊತ್ತು. ಕಾಂತಾಗ ಸಣ್ಣ ಅಂಕಿ ಬೇಕು." ನಿಂಗವ್ವ ಕುರ್ಚಿಯನ್ನು ಪರದೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು. "ಈಗ ಹೋದ್ರ?"

"ಮತ್ತ ಮೂವತ್ತೈದಕ್ಕ ಬರತೈತಿ."

"ಇನ್ನೊಂದೀಟು ಇಳಸ್ರಿ."

"ಈಗ ಹೋಗಿ, ಆಮ್ಯಾಲ ನೀರು ಕುಡದು ಎರಡು ತಾಸಿಗೊಮ್ಮೆ ಹೋದ್ರ ಮೂವತ್ತು."

"ಇಪ್ಪತ್ತೈದು?"

"ಆಗಂಗಿಲ್ರಿ. ಮೂರೂವರೆ ತಾಸು ಹಿಡ್ಕೊಂಡು ಕುಂತೀರಲ್ಲ, ಅದನ್ನ ವಾಪಸ್ ತಗೊಳ್ಳಾಕ ಬರೂದಿಲ್ಲ."

ಸಂತೆಯಲ್ಲಿ ಬದನೆಕಾಯಿ ಕೇಳುವವರ ಹಾಗೆ ಅವರು ಅಂಕಿಯನ್ನು ಇನ್ನೊಮ್ಮೆ ದಿಟ್ಟಿಸಿ ನೋಡಿ ಎದ್ದರು. ಇಂಜೆಕ್ಷನ್ ಆದವರಿಗೆಂದು ಮೀಸಲಿಟ್ಟ ಶೌಚಾಲಯದ ಬಾಗಿಲ ಮೇಲೆ ವಿಕಿರಣದ ಹಳದಿ ಗುರುತೊಂದಿದೆ, ನೋಡಿದವರಿಗೆ ಫ್ಯಾನು ಅನಿಸಬೇಕು. ಒಳಗೆ ಹೋಗುವ ಮೊದಲು ನಿಂಗವ್ವ ಕೇಳಿದ್ದು ಒಂದೇ ಮಾತು: "ನೀವು ಇಲ್ಲೇ ನಿಂದರ್ತೀರಿಲ್ಲ?"

ನಿಂತೆ. ನನ್ನ ಓದು, ಪದವಿ, ಸಾಫ್ಟ್‌ವೇರು ಎಲ್ಲವನ್ನೂ ಬಗಲಲ್ಲಿಟ್ಟುಕೊಂಡು ಬಾಗಿಲು ಕಾದೆ. ಆ ದಿನ ನಾನು ಮಾಡಿದ ದೊಡ್ಡ ಕೆಲಸ ಅದೇ.

ಮತ್ತೆ ತೆಗೆದ ಚಿತ್ರದಲ್ಲಿ ಟೊಂಕ ಸ್ಪಷ್ಟವಾಗಿ ಕಂಡಿತು. ಬರೀ ಸವೆತ ಎಂದರು ಡಾಕ್ಟರು. ಆಮೇಲೆ ನಿಂಗವ್ವ ಎರಡು ಬಾಟಲಿ ನೀರು ಕುಡಿದು, ಹೊರಡುವ ಮುಂಚೆ ಇನ್ನೊಮ್ಮೆ ಹೋಗಿ ಬಂದರು, ಈ ಸಲ ಒಬ್ಬರೇ. ಮನೆಯಲ್ಲೂ ಹಾಗೇ ಮಾಡುವುದಾಗಿ ಮಾತು ಕೊಟ್ಟರು. ನಾನು ಮೂವತ್ತು ಎಂದೂ, ಗುರುವಾರ ಕೂಸನ್ನು ಎತ್ತಿಕೊಳ್ಳಬಹುದು ಎಂದೂ ಬರೆದು ಸಹಿ ಹಾಕಿದೆ. ಕಾಂತಾ ಎರಡು ಸಲ ಓದಿ, ಕಾಗದ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಳು.

ಗುರುವಾರದ ತೊಟ್ಟಿಲ ಕಾರ್ಯಕ್ಕೆ ನನಗೂ ಕರೆ ಬಂದಿತ್ತು, ಹೋಗಿದ್ದೆ. ಮುತ್ತೈದೆಯರು ಕೂಸನ್ನು ತೊಟ್ಟಿಲ ಕೆಳಗಿಂದ ಮೇಲಕ್ಕೆ ದಾಟಿಸುತ್ತಿದ್ದರು. ಕೊನೆಗೆ ಕೂಸು ಕಾಂತಾಳ ಕೈಗೆ ಬಂತು. ಅವಳು ನನ್ನ ಕಡೆ ನೋಡಿದಳು, ಆಮೇಲೆ ಕೂಸನ್ನು ಅತ್ತೆಯ ಕೈಗೆ ಕೊಟ್ಟಳು. ನಿಂಗವ್ವ ಅದನ್ನು ಎದೆಗೊತ್ತಿಕೊಂಡರು. ನನ್ನ ಕಣ್ಣು ತುಂಬಿತು, ಯಾಕೆ ಸುಳ್ಳು ಹೇಳಲಿ.

ಅಷ್ಟರಲ್ಲಿ ಅವರ ಹೊಸ ಇಳಕಲ್ ಸೀರೆ ಮುಂದೆಲ್ಲ ತೊಯ್ದು ಹೋಯಿತು. ಕಾಂತಾ ಕೂಸನ್ನು ಇಸಿದುಕೊಳ್ಳಲು ಓಡಿ ಬಂದಳು. ನಿಂಗವ್ವ ಕೊಡಲಿಲ್ಲ.

"ಇರಲಿ ಬಿಡ" ಎಂದರು. "ಇಷ್ಟು ಮಂದ್ಯಾಗ ಕೂಸು ಯಾರಿಗೂ ಅಂಜದ ಹೋತು ನೋಡು. ನನಗ ಇದನ್ನ ಕಲಿಯಾಕ ಎಪ್ಪತ್ನಾಕ ವರ್ಷ ಬೇಕಾತು."