ಗಂಗಾಳ ಮಾತ್ರೆ

ನಾನು ಏಳನೇ ಕ್ಲಾಸು ಓದಿದವಳು. ಮನೆಯಲ್ಲಿ ಡಾಕ್ಟರ ಚೀಟಿ ಓದಬಲ್ಲವಳು ನಾನೊಬ್ಬಳೇ ಎಂಬ ಜಂಭ ನನಗಿತ್ತು. ಆ ಜಂಭವೇ ನನ್ನ ತಂಗಿಯನ್ನು ತಿಂದಿತು ಎಂದು ಮೊದಲೇ ಹೇಳಿಬಿಡುತ್ತೇನೆ. ಸುತ್ತಿಬಳಸಿ ಹೇಳುವ ತಾಳ್ಮೆ ನನಗಿಲ್ಲ.

ಗಂಗಾಳಿಗೆ ಎಳವೆಯಿಂದಲೂ ಇಸುಬು. ಮೊಣಕೈ ಸಂದು, ಮೊಣಕಾಲ ಸಂದು, ಕುತ್ತಿಗೆ, ಎಲ್ಲ ಕಡೆ ಕೆರೆದು ಕೆರೆದು ನೀರು ಸೋರುತ್ತಿತ್ತು. ನಮ್ಮೂರು ಮೇಳಿಗೆಯಲ್ಲಿ ಅದಕ್ಕೆ ಎಲ್ಲರೂ ಹೇಳುವುದು ಒಂದೇ, ನಂಜು. ಬದನೆ ಬೇಡ, ಹಲಸು ಬೇಡ, ಒಣಮೀನಂತೂ ಮೂಸಲೂ ಬೇಡ. ಹತ್ತೊಂಬತ್ತು ವರ್ಷ ಗಂಜಿ, ಹೆಸರುಕಾಳು ತಿಂದು ಬದುಕಿದಳು. ಕೆರೆತ ಮಾತ್ರ ಹೋಗಲಿಲ್ಲ. ನೆಟ್ಟಿಯ ಗದ್ದೆಗೆ ಇಳಿದರೆ ಕಾಲು ಉರಿಯುತ್ತಿತ್ತು. ಅಂಚಿನ ಮೇಲೆ ಕೂತು ಉಳಿದವರು ಸಸಿ ನೆಡುವುದನ್ನು ನೋಡುತ್ತಿದ್ದಳು.

ಎಂಬತ್ತೆರಡರ ಬೇಸಿಗೆಯಲ್ಲಿ ಅವಳನ್ನು ತೀರ್ಥಹಳ್ಳಿಗೆ, ಡಾಕ್ಟರು ನಾರಾಯಣಮೂರ್ತಿಯವರ ಹತ್ತಿರ ಕರೆದುಕೊಂಡು ಹೋದೆ. ಅವರು ನಂಜಿನ ಮಾತೇ ಎತ್ತಲಿಲ್ಲ.

"ರಕ್ತದಲ್ಲಿ ಕಾವಲಿನ ಕಣಗಳು ಇರ್ತವಮ್ಮ. ಶತ್ರು ಬಂದ್ರೆ ಒಂದಕ್ಕೊಂದು ಸುದ್ದಿ ಮುಟ್ಟಿಸ್ತವೆ. ಇವಳ ಮೈಯಲ್ಲಿ ಶತ್ರುನೇ ಇಲ್ಲ, ಸುದ್ದಿ ಮಾತ್ರ ನಿಲ್ತಿಲ್ಲ. ಆ ಸುದ್ದಿಯೊಂದನ್ನೇ ತಡೆಯೋ ಔಷಧ ಮುಂದೆ ಎಂದಾದ್ರೂ ಬರಬಹುದು. ಸದ್ಯಕ್ಕೆ ಈ ಮಾತ್ರೆ. ಇದು ಎಲ್ಲ ಕಾವಲಿನ ಬಾಯಿನೂ ಮುಚ್ಚಿಸ್ತದೆ, ಅದಕ್ಕೇ ಹುಷಾರು. ಒಮ್ಮೆಗೇ ನಿಲ್ಲಿಸಬಾರದು. ನಾನೇ ಸ್ವಲ್ಪ ಸ್ವಲ್ಪ ಇಳಿಸ್ತೀನಿ."

ಒಮ್ಮೆಗೇ ನಿಲ್ಲಿಸಬಾರದು ಎಂದು ಚೀಟಿಯಲ್ಲೂ ಬರೆದು ಕೆಳಗೆ ಗೆರೆ ಎಳೆದರು. ನಾನು ಗಟ್ಟಿಯಾಗಿ ಓದಿ ತೋರಿಸಿದೆ.

ಹದಿನೈದು ದಿನಕ್ಕೆ ಗಾಯ ಒಣಗಿತು. ಆ ವರ್ಷ ಗಂಗಾ ಗದ್ದೆಗಿಳಿದು ನೆಟ್ಟಿ ಮಾಡಿದಳು. ಸಾಲು ಸೊಟ್ಟಗಾಯಿತೆಂದು ಎಲ್ಲರೂ ಗೇಲಿ ಮಾಡಿದರೆ ಅವಳೇ ಎಲ್ಲರಿಗಿಂತ ಜೋರಾಗಿ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಭಾದ್ರಪದದ ಹೊತ್ತಿಗೆ ಅವಳ ಮುಖ ದುಂಡಗಾಗಿ ಊದಿಕೊಂಡಿತು.

"ನೋಡೇ ಶೇಷಿ, ಹೊರಗಿದ್ದ ನಂಜು ಒಳಗೆ ಇಳಿದದೆ. ಆ ಮಾತ್ರೆ ಕೊಡಬ್ಯಾಡ. ಭೇದಿ ಮಾಡಿಸಿ ನಂಜು ತೆಗೀಬೇಕು" ಎಂದಳು ಅವ್ವ.

ಚೀಟಿಯಲ್ಲಿದ್ದದ್ದು ನೆನಪಿತ್ತು. ಆದರೆ ಆ ಊದಿದ ಮುಖ ಕಣ್ಣೆದುರಿಗಿತ್ತು, ಮತ್ತು ಚಿಕ್ಕಂದಿನಿಂದ ಕೇಳಿದ ಮಾತು ಓದಿದ ಅಕ್ಷರಕ್ಕಿಂತ ಬಲವಾಗಿತ್ತು. ಮಾತ್ರೆ ನಿಲ್ಲಿಸಿದೆ. ಹರಳೆಣ್ಣೆ ಕುಡಿಸಿದವಳೂ ನಾನೇ.

ನಾಲ್ಕನೇ ದಿನ ವಾಂತಿ ಶುರುವಾಯಿತು. ಐದನೇ ದಿನ ಎದ್ದು ನಿಲ್ಲಲಾಗಲಿಲ್ಲ. ಜೀಪಿನಲ್ಲಿ ಹಾಕಿಕೊಂಡು ತೀರ್ಥಹಳ್ಳಿಗೆ ಹೋದೆವು. ಡಾಕ್ಟರು ನಾಡಿ ಹಿಡಿದವರೇ ಔಷಧದ ಬೀರು ತೆರೆದು ಒಂದು ಸಣ್ಣ ಬಾಟಲಿ ಕೈಗೆತ್ತಿಕೊಂಡರು.

"ಮಾತ್ರೆ ನಿಲ್ಲಿಸಿದ್ಯೇನಮ್ಮ?"

ಚೀಟಿ ಓದಿಯೂ ತಪ್ಪು ಮಾಡಿದೆ ಎಂದು ನಾಚಿಕೆ ಬಿಟ್ಟು ಹೇಗೆ ಹೇಳಲಿ?

"ಇಲ್ಲ, ದಿನಾ ನಾನೇ ಕೊಡ್ತಿದ್ದೆ."

"ಒಂದು ದಿನಾನೂ ತಪ್ಪಿಲ್ವಾ? ಸರಿಯಾಗಿ ಹೇಳು."

"ತಪ್ಪಿಲ್ಲ."

ಅವರು ಬಾಟಲಿಯನ್ನು ಇದ್ದಲ್ಲೇ ಇಟ್ಟು ಬೀರು ಮುಚ್ಚಿದರು. ಊರಲ್ಲಿ ವಾಂತಿಭೇದಿ ಹರಡಿತ್ತು, ಅದೇ ಇರಬೇಕೆಂದು ಗ್ಲೂಕೋಸ್ ಏರಿಸಿದರು. ಅಂದೇ ಮಧ್ಯಾಹ್ನ ಮೂರು ಗಂಟೆಗೆ ಗಂಗಾ ಹೋದಳು. ಆ ಬಾಟಲಿ ಯಾತಕ್ಕೆಂದು ನನಗೆ ಆಗ ಗೊತ್ತಿರಲಿಲ್ಲ. ಆಮೇಲೆ ನರ್ಸನ್ನು ಕೇಳಿದೆ. ಮಾತ್ರೆ ಏಕಾಏಕಿ ಬಿಟ್ಟವರಿಗೆ ಕೊಡುವುದಂತೆ. ಮುಖ ಊದುವುದೂ ಆ ಮಾತ್ರೆಯಿಂದಲೇ ಅಂತೆ, ನಂಜಿನಿಂದಲ್ಲ.

ತಿಥಿಯಾದ ಮರುದಿನ ಡಾಕ್ಟರೇ ಮನೆಗೆ ಬಂದರು. ಅವ್ವ ಅವರನ್ನು ಬಾಯಿಗೆ ಬಂದಂತೆ ಬೈದಳು. ನಂಜು ಒಳಗಿಳಿಸಿ ಮಗಳನ್ನು ಕೊಂದಿರಿ ಎಂದಳು. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಕಾಫಿ ಕೊಡಲು ಹೋದಾಗ ನನ್ನ ಮುಖ ನೋಡಿದರು.

"ಆ ಮಾತ್ರೆ ನಾನು ಇನ್ನು ಯಾರಿಗೂ ಬರೆಯೋದಿಲ್ಲ. ನೀನು ಮನಸ್ಸಿಗೆ ಹಚ್ಕೋಬೇಡ ಶೇಷಮ್ಮ. ನೀನು ಒಂದು ದಿನಾನೂ ತಪ್ಪಿಸದೆ ಕೊಟ್ಟಿದ್ದೀಯ."

ನಾನು ಹೌದೆಂದು ತಲೆಯಾಡಿಸಿದೆ.